ಜರ್ಮನಿಗೆ ಬರಲು ಯಾವ ವೀಸಾ ಸುಲಭ?

ಊರಿನಿಂದ ಫೋನ್ ಮಾಡುವ ಪರಿಚಿತರೂ ಅವರ ಮಕ್ಕಳೂ ನನ್ನನ್ನು ಮೊದಲು ಕೇಳುವುದು ಇದನ್ನೇ. ನನ್ನ ಉತ್ತರ ಅವರಿಗೆ ಸಾಮಾನ್ಯವಾಗಿ ರುಚಿಸುವುದಿಲ್ಲ. ಯಾವುದು ಬೇಗ ಕೈಗೆ ಸಿಗುತ್ತದೆ ಎಂಬುದಕ್ಕಿಂತ, ಸಿಕ್ಕ ವೀಸಾ ಎಷ್ಟು ವರ್ಷದಲ್ಲಿ ಕಾಯಂ ವಾಸದ ಪರವಾನಗಿಗೆ, ಅಂದರೆ ನಾವೆಲ್ಲ ಪಿಆರ್ ಎನ್ನುವುದಕ್ಕೆ, ದಾರಿ ಮಾಡಿಕೊಡುತ್ತದೆ ಎಂಬುದನ್ನು ಮೊದಲು ನೋಡಿ ಎನ್ನುತ್ತೇನೆ.

ಕೈಯಲ್ಲಿ ಕೆಲಸದ ಆಫರ್ ಇರುವವರು ಬ್ಲೂ ಕಾರ್ಡ್, ಅಂದರೆ ಪದವೀಧರ ಉದ್ಯೋಗಿಗಳಿಗೆಂದೇ ಇರುವ ವಾಸದ ಪರವಾನಗಿ, ಬಿಟ್ಟು ಬೇರೆ ಯೋಚಿಸಬೇಕಾಗಿಲ್ಲ. ಅದಕ್ಕೆ ಇಲ್ಲಿ ಮಾನ್ಯವಾಗುವ ಪದವಿ, ಕನಿಷ್ಠ ಆರು ತಿಂಗಳ ಕೆಲಸದ ಒಪ್ಪಂದ ಮತ್ತು ಸರ್ಕಾರ ಪ್ರತಿವರ್ಷ ಪರಿಷ್ಕರಿಸುವ ಮಿತಿಗೆ ಕಡಿಮೆಯಿಲ್ಲದ ಸಂಬಳ ಬೇಕು. 2025ರಲ್ಲಿ ಆ ಮಿತಿ ವರ್ಷಕ್ಕೆ 48,300 ಯೂರೋ ಇತ್ತು. ಐಟಿ, ಎಂಜಿನಿಯರಿಂಗ್, ವೈದ್ಯಕೀಯದಂತಹ, ಕೆಲಸಗಾರರ ಕೊರತೆಯಿರುವ ಕ್ಷೇತ್ರಗಳಿಗೆ ಅದಕ್ಕಿಂತ ಕಡಿಮೆ. ಪದವಿ ಮಾನ್ಯವೇ ಎಂಬುದನ್ನು ‘ಅನಾಬಿನ್’ ಎಂಬ ಸರ್ಕಾರಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು: ಸಂಸ್ಥೆಯ ಹೆಸರಿನ ಮುಂದೆ ‘ಎಚ್ ಪ್ಲಸ್’ ಎಂದಿರಬೇಕು, ಪದವಿಯ ಹೆಸರೂ ಪ್ರತ್ಯೇಕವಾಗಿ ಪಟ್ಟಿಯಲ್ಲಿರಬೇಕು. ಇದಕ್ಕಾಗಿ ಏಜೆಂಟರಿಗೆ ದುಡ್ಡು ಸುರಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. 2023ರ ನವೆಂಬರ್‌ನಿಂದ ಪದವಿಯೇ ಇಲ್ಲದ ಐಟಿ ಕೆಲಸಗಾರರಿಗೂ, ಕಳೆದ ಏಳು ವರ್ಷಗಳಲ್ಲಿ ಮೂರು ವರ್ಷದ ತಕ್ಕ ಅನುಭವವಿದ್ದರೆ, ಈ ಕಾರ್ಡ್ ಸಿಗುವ ಅವಕಾಶವಿದೆ. ಬೆಂಗಳೂರಿನಲ್ಲಿ ಇದನ್ನು ತಿಳಿದವರು ಕಡಿಮೆ.

ಬ್ಲೂ ಕಾರ್ಡಿನ ನಿಜವಾದ ಬೆಲೆ ಗೊತ್ತಾಗುವುದು ಆಮೇಲೆ. ಜರ್ಮನ್ ಭಾಷೆಯ ಬಿ1 ಎಂಬ ಮಧ್ಯಮ ಹಂತದ ಪರೀಕ್ಷೆ ಪಾಸಾಗಿದ್ದರೆ 21 ತಿಂಗಳಲ್ಲಿ, ಬರೀ ಎ1 ಎಂಬ ಆರಂಭದ ಹಂತವಿದ್ದರೆ 27 ತಿಂಗಳಲ್ಲಿ ಪಿಆರ್‌ಗೆ ಅರ್ಜಿ ಹಾಕಬಹುದು. ಅಷ್ಟು ಕಾಲ ಪಿಂಚಣಿ ನಿಧಿಗೆ ವಂತಿಗೆ ಕಟ್ಟಿರಬೇಕು. ಸಾಮಾನ್ಯ ಉದ್ಯೋಗ ವೀಸಾದಲ್ಲಿ ಬಂದವರು ಇದಕ್ಕೆ ಮೂರು ವರ್ಷ ಕಾಯುತ್ತಾರೆ.

2024ರ ಜೂನ್‌ನಲ್ಲಿ ಆರಂಭವಾದ ಆಪರ್ಚುನಿಟಿ ಕಾರ್ಡಿನ ಬಗ್ಗೆ ಈಚೆಗೆ ಎಲ್ಲರೂ ವಿಚಾರಿಸುತ್ತಾರೆ. ವಯಸ್ಸು, ಅನುಭವ, ಭಾಷೆ ಇತ್ಯಾದಿಗಳಿಂದ ಆರು ಅಂಕ ಕೂಡಿಸಿ, ಖರ್ಚಿಗೆ ಹಣವಿದೆಯೆಂದು ತೋರಿಸಿದರೆ, ಆಫರ್ ಇಲ್ಲದೆಯೇ ಬಂದು ಒಂದು ವರ್ಷ ಕೆಲಸ ಹುಡುಕಬಹುದು. ಹೀಗೆ ಬಂದ ಹಾಸನದ ಕಡೆಯ ಹುಡುಗನೊಬ್ಬ, ನಿಯಮ ಅನುಮತಿಸುವ ವಾರಕ್ಕೆ 20 ಗಂಟೆಯ ಕೆಲಸವನ್ನು ಒಂದು ಗೋದಾಮಿನಲ್ಲಿ ಮಾಡಿ ಕೋಣೆಯ ಬಾಡಿಗೆ ಹೊಂದಿಸುತ್ತಿದ್ದ. ರಾತ್ರಿ ಲ್ಯಾಪ್‌ಟಾಪ್ ತೆರೆದು ಅರ್ಜಿ ಹಾಕಲು ಕೂತರೆ ಒಂದಾದ ಮೇಲೊಂದು ಜಾಹೀರಾತಿನಲ್ಲಿ ಜರ್ಮನ್ ಬಿ2 ಎಂದಿರುತ್ತಿತ್ತು. ಅವನಿಗೆ ಎ1 ಮಾತ್ರ ಬರುತ್ತಿತ್ತು. ಹಾಗಾಗಿ ಈ ಕಾರ್ಡ್ ಕೇಳುವವರಿಗೆಲ್ಲ ನಾನು ಹೇಳುವುದು, ಬೆಂಗಳೂರಿನ ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮ್ಯುಲ್ಲರ್ ಭವನದಲ್ಲೋ ಇನ್ನೆಲ್ಲಾದರೋ ಬಿ1 ಮುಗಿಸಿಕೊಂಡು ವಿಮಾನ ಹತ್ತಿ ಎಂದು. ಇಲ್ಲಿಗೆ ಬಂದ ಮೇಲೆ ಕಲಿಯುತ್ತೇನೆ ಎನ್ನುವವರಿಗೆ ಬಾಡಿಗೆ, ಕೆಲಸ, ವೀಸಾ ಮುಗಿಯುವ ದಿನಾಂಕ ಇವುಗಳ ನಡುವೆ ಪುಸ್ತಕ ಹಿಡಿಯಲು ಪುರುಸೊತ್ತಾಗುವುದಿಲ್ಲ.

ಓದಲು ಬರುವವರ ದಾರಿ ದೀರ್ಘವಾದರೂ ಭದ್ರ. ಪದವಿಯ ನಂತರ ಕೆಲಸ ಹುಡುಕಲು 18 ತಿಂಗಳ ಕಾಲಾವಕಾಶವಿದೆ, ಇಲ್ಲಿನ ಪದವಿಗೆ ತಕ್ಕ ಕೆಲಸ ಹಿಡಿದ ಮೇಲೆ ಎರಡು ವರ್ಷಕ್ಕೆ ಪಿಆರ್ ಕೇಳಬಹುದು.

ಉಳಿದದ್ದು ಪೌರತ್ವ. 2024ರ ಜೂನ್ 27ರಿಂದ ಜರ್ಮನಿ ಎಂಟು ವರ್ಷದ ವಾಸವನ್ನು ಐದಕ್ಕೆ ಇಳಿಸಿತು, ಹಳೆಯ ಪೌರತ್ವ ಬಿಡಬೇಕೆಂಬ ಷರತ್ತನ್ನೂ ಕೈಬಿಟ್ಟಿತು. ಮೂರೇ ವರ್ಷದಲ್ಲಿ ಕೊಡುತ್ತಿದ್ದ ವಿಶೇಷ ದಾರಿ ಮಾತ್ರ 2025ರ ಅಕ್ಟೋಬರ್‌ನಲ್ಲಿ ರದ್ದಾಯಿತು. ಬಿ1 ಭಾಷೆ ಬೇಕು, ಜರ್ಮನಿಯ ಕಾನೂನು, ಸಮಾಜದ ಬಗೆಗಿನ 33 ಪ್ರಶ್ನೆಗಳ ಪರೀಕ್ಷೆಯಲ್ಲಿ 17 ಸರಿಯಾಗಬೇಕು, ಇದೇನೂ ಕಷ್ಟವಲ್ಲ. ಕಷ್ಟವಿರುವುದು ನಮ್ಮ ಕಡೆಯ ಕಾನೂನಿನಲ್ಲಿ. ಜರ್ಮನಿ ಎರಡು ಪೌರತ್ವ ಒಪ್ಪಿದರೂ ಭಾರತ ಒಪ್ಪುವುದಿಲ್ಲ: 1955ರ ಪೌರತ್ವ ಕಾಯ್ದೆಯ 9ನೇ ಕಲಮಿನ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರ ಭಾರತೀಯ ಪೌರತ್ವ ತಾನಾಗಿಯೇ ಮುಗಿಯುತ್ತದೆ. ಭಾರತದ ಪಾಸ್‌ಪೋರ್ಟ್ ಒಪ್ಪಿಸಿ, ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡ್ ಪಡೆದರೆ ಬಂದುಹೋಗಲು ಅಡ್ಡಿಯಿಲ್ಲ, ಮನೆ ಕೊಳ್ಳಬಹುದು, ಅಪ್ಪನ ತೋಟ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಆದರೆ ಮತದಾನವಿಲ್ಲ, ಪಕ್ಕದ ಎರಡು ಎಕರೆ ಗದ್ದೆ ಮಾರಾಟಕ್ಕೆ ಬಂದರೆ ಕೊಳ್ಳುವಂತಿಲ್ಲ.

ಇದನ್ನು ಕೇಳಿದ ಮೇಲೆ ಹೆಚ್ಚಿನವರು, ‘ಹಾಗಾದರೆ ಪಿಆರ್ ಸಾಕು, ಹೇಗೂ ಒಂದು ದಿನ ಊರಿಗೆ ಮರಳುವವರು’ ಎನ್ನುತ್ತಾರೆ. ನಿವೃತ್ತಿಯ ತನಕ ಇಲ್ಲೇ ದುಡಿದು ಒಮ್ಮೆಲೇ ಮರಳುವವರ ಮಟ್ಟಿಗೆ ಅದು ಸರಿ. ಆದರೆ ಪಿಆರ್ ಇದ್ದವರು ಮುಂಚಿತವಾಗಿ ಅನುಮತಿ ಪಡೆಯದೆ ಆರು ತಿಂಗಳಿಗಿಂತ ಹೆಚ್ಚು ದೇಶದ ಹೊರಗಿದ್ದರೆ ಸಾಮಾನ್ಯವಾಗಿ ಅದು ಕಳೆದುಹೋಗುತ್ತದೆ. ಹಾಸಿಗೆ ಹಿಡಿದ ಅಮ್ಮನ ಜೊತೆ ಒಂದೆರಡು ವರ್ಷ ಇದ್ದು, ಮತ್ತೆ ಜರ್ಮನಿಗೆ ಬಂದು ಮಕ್ಕಳ ಓದು ಮುಂದುವರಿಸಬೇಕಾಗಬಹುದು ಎಂಬ ಅಂದಾಜು ಇರುವವರಿಗೆ, ವಿಚಿತ್ರವೆನಿಸಿದರೂ, ಜರ್ಮನ್ ಪಾಸ್‌ಪೋರ್ಟನ್ನೇ ನಾನು ಸೂಚಿಸುತ್ತೇನೆ.