ಸಕ್ಕರೆ ಲೆಕ್ಕದಲ್ಲಿ ರೈತ ಎಲ್ಲಿ?

ದೇಶಕ್ಕೆ ವರ್ಷಕ್ಕೆ ಸುಮಾರು 280 ಲಕ್ಷ ಟನ್ ಸಕ್ಕರೆ ಬೇಕು. 2021-22ರಲ್ಲಿ ಅಷ್ಟನ್ನೂ ಪೂರೈಸಿ, 100 ಲಕ್ಷ ಟನ್‌ಗಿಂತ ಹೆಚ್ಚು ಹೊರದೇಶಕ್ಕೆ ಕಳಿಸಿದ್ದೆವು. 2023ರಲ್ಲಿ ಮಳೆ ಕೈಕೊಟ್ಟಿತು. ರಫ್ತು ನಿಂತಿತು, ಡಿಸೆಂಬರ್ ಹೊತ್ತಿಗೆ ಕಬ್ಬಿನ ಹಾಲಿನಿಂದ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಮಾಡುವುದಕ್ಕೂ ತಡೆ ಬಿತ್ತು. ಆಮದು ಮಾಡೋಣವೆಂದರೆ 2018ರಿಂದ ನೂರಕ್ಕೆ ನೂರು ಸುಂಕ. ಹಾಗಾಗಿ ನಮ್ಮ ಮನೆಗಳ ಚಹಾ, ಪಾಯಸ ಎಲ್ಲವೂ ನಿಂತಿರುವುದು ಇಲ್ಲಿನ ಮುಂಗಾರಿನ ಮೇಲೆ, ಬೆಳಗಾವಿ, ಬಾಗಲಕೋಟೆ, ಮಂಡ್ಯದಂಥ ಕಡೆಯ ಬೆಳೆಗಾರರ ಮೇಲೆ.

ಹಬ್ಬದ ಮುಂಚೆ ಕಿಲೋಗೆ ಎರಡು ರೂಪಾಯಿ ಏರಿದರೆ ಎಲ್ಲರಿಗೂ ಸುದ್ದಿ. ರೈತನ ಬಾಕಿ ಮಾತ್ರ ಸುದ್ದಿಯಾಗುವುದಿಲ್ಲ. ಕಬ್ಬು ಕಳಿಸಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವೇ ಇದೆ. ಆದರೂ ಎಷ್ಟೋ ರೈತರ ಮನೆಗಳಲ್ಲಿ ಕಬ್ಬಿನ ಬಿಲ್ಲಿಗಾಗಿ ತಿಂಗಳುಗಟ್ಟಲೆ ಕಾಯುತ್ತಾರೆ. ನನಗೆ ನಿಜಕ್ಕೂ ಸಂಕಟವಾಗುವುದು ಇದಕ್ಕೆ. ದಾಸ್ತಾನು, ರಫ್ತಿನ ಚರ್ಚೆ ನಡೆಯಲಿ, ಮೊದಲು ಬಾಕಿ ಚುಕ್ತಾ ಆಗಲಿ.