ಸ್ಕ್ರೋಲ್ ಲಾಕ್ ಒತ್ತಿದ್ರೆ ಕನ್ನಡ ಬರ್ಲಿಲ್ಲ

ವಿಂಡೋಸ್ ಬಿಟ್ಟು ಲಿನಕ್ಸ್ ಅನ್ನೋ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್‌ಗೆ ಹೋದ್ರೆ ಏನು ಕಷ್ಟ ಅಂತ ಕೇಳಿದ್ರೆ ಜನ ಸಾಮಾನ್ಯವಾಗಿ ಕಮಾಂಡ್ ಹೊಡೀಬೇಕು, ಕಪ್ಪು ಸ್ಕ್ರೀನ್ ಬರುತ್ತೆ, ಅದು ಇಂಜಿನಿಯರ್‌ಗಳಿಗೆ ಮಾತ್ರ ಅಂತೆಲ್ಲಾ ಹೇಳ್ತಾರೆ. ನನಗೆ ಅದ್ಯಾವುದೂ ಅಡ್ಡ ಬರ್ಲಿಲ್ಲ. ಅಡ್ಡ ಬಂದಿದ್ದು ಕೀಬೋರ್ಡಿನ ಮೇಲಿನ ಸಾಲಲ್ಲಿ ಬಲಗಡೆ ಕೂತಿರೋ, ಬೇರೆ ಯಾರೂ ವರ್ಷಕ್ಕೊಂದ್ಸಲನೂ ಮುಟ್ಟದ ಸ್ಕ್ರೋಲ್ ಲಾಕ್ ಅನ್ನೋ ಕೀ.

ನಾನು ಅರಸೀಕೆರೇಲಿ ಕೋರ್ಟ್ ಹತ್ರ ಜಾಬ್ ಟೈಪಿಂಗ್ ಮಾಡೋಳು. ಬಾಡಿಗೆ ಕರಾರು, ಅಫಿಡವಿಟ್, ವಿಭಾಗ ಪತ್ರ, ತಹಸೀಲ್ದಾರರಿಗೆ ಅರ್ಜಿ, ಇವೇ ದಿನದ ಕೆಲಸ. ಕಲ್ತಿದ್ದು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ, ಟೈಪ್ ಮಾಡಿದ್ದೆಲ್ಲಾ ನುಡಿಯಲ್ಲಿ. ನುಡಿ ಗೊತ್ತಿರೋರಿಗೆ ಗೊತ್ತು, ಸ್ಕ್ರೋಲ್ ಲಾಕ್ ಒತ್ತಿದ್ರೆ ಕನ್ನಡ, ಮತ್ತೆ ಒತ್ತಿದ್ರೆ ಇಂಗ್ಲಿಷ್. ಆಧಾರ್ ನಂಬರ್ ಆದ್ಮೇಲೆ ಒಂದ್ಸಲ, ಬ್ಯಾಂಕಿನ ಹೆಸರು ಇಂಗ್ಲಿಷಲ್ಲಿ ಬಂದ್ರೆ ಒಂದ್ಸಲ, ಹೀಗೆ ದಿನಕ್ಕೆ ಎಷ್ಟು ಸಲ ಆ ಕೀಗೆ ಬೆರಳು ಹೋಗುತ್ತೋ ಲೆಕ್ಕ ಇಟ್ಟೋರ್ಯಾರು. ಕಣ್ಣು ಕೀಬೋರ್ಡ್ ಕಡೆ ಹೋಗಲ್ಲ, ಬೆರಳೇ ಹೋಗಿ ಬರುತ್ತೆ.

ಬದಲಾಯಿಸೋ ಪ್ರಸಂಗ ಯಾಕ್ ಬಂತು ಅಂದ್ರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತೋಯ್ತಲ್ಲ, ಅದಕ್ಕೆ. ಇನ್ನೊಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಬೇಕಾದ್ರೆ ಅಕೌಂಟ್ ಮಾಡಿ ಸೇರ್ಕೊಬಹುದು ಅಂತ ಇತ್ತು, ಆದ್ರೆ ಅದಾದ್ಮೇಲೆ ಮತ್ತೆ ಇದೇ ಪ್ರಶ್ನೆ. ವಿಂಡೋಸ್ 11 ಹಾಕೋಣ ಅಂದ್ರೆ ಅದಕ್ಕೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ಇಂಟೆಲ್ ಆದ್ರೆ ಸುಮಾರಾಗಿ ಎಂಟನೇ ಜನರೇಷನ್‌ನಿಂದ ಈಚೆಗಿನ ಪ್ರೊಸೆಸರ್ ಬೇಕು. ನಂದು ನಾಲ್ಕನೇ ಜನರೇಷನ್ ಐ3, ನಾಲ್ಕು ಜಿಬಿ ರ‍್ಯಾಮ್. ಹಳೇದು ನಿಜ, ಆದ್ರೆ ಎಸ್‌ಎಸ್‌ಡಿ ಅನ್ನೋ ವೇಗದ ಡಿಸ್ಕ್ ಹಾಕ್ಸಿದ್ಮೇಲೆ ಪಟ್ ಅಂತ ಆನ್ ಆಗೋದು, ಕರಾರು ಪತ್ರ ಟೈಪ್ ಮಾಡೋಕೆ ಅದಕ್ಕಿಂತ ಇನ್ನೇನ್ ಬೇಕು? ಕೆಲಸ ಮಾಡ್ತಿರೋ ಮಿಷಿನ್ನ ಗುಜರಿಗೆ ಹಾಕೋಕೆ ನನಗೆ ಮನಸ್ಸಾಗ್ಲಿಲ್ಲ.

ಇಂಜಿನಿಯರಿಂಗ್ ಓದೋ ಅಣ್ಣನ ಮಗ ರಜೆಗೆ ಬಂದಿದ್ದ. "ಅತ್ತೆ, ಲಿನಕ್ಸಲ್ಲೇ ಮಿಂಟ್ ಅಂತ ಒಂದಿದೆ, ಅದನ್ನ ಹಾಕ್ಬಿಡೋಣ, ವಿಂಡೋಸೂ ಒಂದ್ಕಡೆ ಇರ್ಲಿ, ಆನ್ ಮಾಡ್ವಾಗ ಯಾವ್ದು ಬೇಕೋ ಅದನ್ನ ಆರಿಸ್ಕೋ" ಅಂದ. "ಲೋ, ಫೈಲ್ ಒಂದು ಹೋದ್ರೂ ನಿನ್ನ ಬಿಡಲ್ಲ" ಅಂದೆ. ಎಲ್ಲಾ ಮೊದ್ಲು ಹಾರ್ಡ್‌ಡಿಸ್ಕಿಗೆ ಕಾಪಿ ಮಾಡ್ಕೊಂಡು, ಪೆನ್‌ಡ್ರೈವಿಂದ ಲಿನಕ್ಸ್ ಮಿಂಟ್ ಹಾಕ್ದ, ಅದ್ರಲ್ಲೂ ಮಾಟೆ ಅನ್ನೋ ಹಗುರಾಗಿರೋ ನಮೂನೆ. ಹಾಕೋದು ಏನೂ ಕಷ್ಟ ಇರ್ಲಿಲ್ಲ, ಕಾಫಿ ಕುಡಿಯೋದ್ರೊಳಗೆ ಮುಕ್ಕಾಲು ಆಗಿತ್ತು. ಕೆಳಗೆ ಮೆನು, ಮೂಲೇಲಿ ಗಡಿಯಾರ, ಫೋಲ್ಡರ್ ತೆಗೆದ್ರೆ ಫೋಲ್ಡರ್. ಇಷ್ಟೇನಾ ಅನ್ನಿಸ್ತು. ಅವನು ಮಾರನೇ ದಿನ ಬೆಂಗಳೂರು ಬಸ್ ಹತ್ಬಿಟ್ಟ.

ಸೋಮವಾರ ಬೆಳಗ್ಗೆ ವಕೀಲರೊಬ್ಬರ ಗುಮಾಸ್ತ ಬಂದ್ರು. "ಅಕ್ಕ, ಹಳೇ ಬಾಡಿಗೆ ಕರಾರೇ, ಹೆಸರು ದಿನಾಂಕ ಬದಲಾಯಿಸಿ ಕೊಡಿ ಸಾಕು, ಪಾರ್ಟಿ ಹೊರಗೆ ಕಾಯ್ತವ್ರೆ" ಅಂದ್ರು. ಫೈಲ್ ತೆಗೆದೆ. ವರ್ಡ್ ಬದಲು ಇಲ್ಲಿರೋ ಲಿಬ್ರೆಆಫೀಸ್‌ನಲ್ಲಿ ತೆರ್ಕೊಂತು, ಪುಟ ಪೂರ್ತಿ ಗೀಚು. ಕನ್ನಡ ಅನ್ನೋ ಪದ ಇದ್ದ ಕಡೆ ಇಂಗ್ಲಿಷಿನ ಪಿ, ಅದರ ಪಕ್ಕ ತಲೆಮೇಲೆ ಗೆರೆ ಎಳ್ದಿರೋ ಎ, ಆಮೇಲೆ ಬ್ರಿಟಿಷರ ಪೌಂಡ್ ಗುರುತು. ಗುಮಾಸ್ತರು ಬಗ್ಗಿ ನೋಡಿ "ಇದೇನಕ್ಕಾ, ವೈರಸ್ಸಾ?" ಅಂದ್ರು.

ವೈರಸ್ ಅಲ್ಲ, ಅದು ಏನು ಅಂತ ನನಗೆ ಗೊತ್ತಿತ್ತು. ಹಳೇ ನುಡಿ ಫಾಂಟುಗಳು ಒಳಗೆ ಕನ್ನಡ ಅಕ್ಷರನೇ ಇಟ್ಕೊಂಡಿರಲ್ಲ. ಒಳಗಿರೋದು ಇಂಗ್ಲಿಷಿನ ಮತ್ತೆ ಯೂರೋಪಿನ ಭಾಷೆಗಳ ಗುರುತುಗಳು, ಫಾಂಟು ಅದರ ಮೇಲೆ ಕನ್ನಡದ ಚೂರುಗಳನ್ನ ತೋರ್ಸುತ್ತೆ ಅಷ್ಟೇ. ಕಂಪ್ಯೂಟರಿನ ಪ್ರಕಾರ ಆ ಪೌಂಡ್ ಗುರುತು ಪೌಂಡೇ, ನಮಗೆ ಕಾಣೋದು ನ್. ಫಾಂಟು ಇಲ್ಲದ ಕಡೆ ಬಣ್ಣ ಬಯಲಾಗುತ್ತೆ. ಇದಕ್ಕೇ ಈ ಫೈಲುಗಳಲ್ಲಿ ಯಾರ ಹೆಸರನ್ನೂ ಕಂಪ್ಯೂಟರಲ್ಲಿ ಹುಡುಕೋಕಾಗಲ್ಲ, ಗೂಗಲ್‌ಗೆ ಹಾಕಿದ್ರೆ ಅರ್ಥ ಆಗಲ್ಲ, ವಾಟ್ಸಾಪ್‌ಗೆ ಪೇಸ್ಟ್ ಮಾಡಿದ್ರೆ ಇದೇ ಗೀಚು. ಗೊತ್ತಿದ್ರೂ ಇಷ್ಟು ವರ್ಷ ಯಾಕೆ ತಲೆ ಕೆಡಿಸ್ಕೊಳ್ಳಲಿಲ್ಲ ಅಂದ್ರೆ, ನಮ್ಮ ಕೆಲಸ ಕಾಗದಕ್ಕೆ ಇಳಿಸೋ ತನಕ ಅಷ್ಟೇ, ಆಮೇಲೆ ಸಹಿ, ನೋಟರಿ, ಮುಗೀತು.

ಫಾಂಟು ಪೆನ್‌ಡ್ರೈವಲ್ಲಿ ಇತ್ತು. ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಟ್ಟು ಫೈಲ್ ಮುಚ್ಚಿ ತೆಗೆದೆ, ಪುಟ ಮೊದಲಿನ ಥರಾನೇ ನಿಂತ್ಕೊಂತು, ಗುಮಾಸ್ತರೂ "ಹಾಂ ಬಂತು" ಅಂದ್ರು. ಹೆಸರು ಬದಲಾಯ್ಸೋಣ ಅಂತ ಕರ್ಸರ್ ಇಟ್ಟು ಸ್ಕ್ರೋಲ್ ಲಾಕ್ ಒತ್ತಿದೆ. ಏನಿಲ್ಲ. ಫಾಂಟು ಬಂದಿದೆ, ಟೈಪ್ ಮಾಡ್ಸೋ ನುಡಿ ಸಾಫ್ಟ್‌ವೇರ್ ಇಲ್ಲ. ಅಂದ್ರೆ ಓದಬಹುದು, ತಿದ್ದೋಕಾಗಲ್ಲ. ಪಾರ್ಟಿ ಕಾಯ್ತಿದ್ರಲ್ಲ, ಮಿಷಿನ್ ಆಫ್ ಮಾಡಿ ವಿಂಡೋಸಿಗೆ ಹೋಗಿ ಮಾಡ್ಕೊಟ್ಟೆ. ಆ ವಿಂಡೋಸಲ್ಲೂ ಒಂದು ಚೇಷ್ಟೆ ಕಾದಿತ್ತು, ಬೆಳಗ್ಗೆ ಹನ್ನೊಂದಕ್ಕೆ ಮೂಲೇಲಿ ಐದೂವರೆ ಅಂತ ತೋರಿಸ್ತಿತ್ತು. ಲಿನಕ್ಸು ಒಳಗಿನ ಗಡಿಯಾರದಲ್ಲಿ ಗ್ರೀನಿಚ್ ಲೆಕ್ಕದ ಟೈಮ್ ಬರೆದಿಡುತ್ತಂತೆ, ವಿಂಡೋಸು ಅದನ್ನೇ ಊರಿನ ಟೈಮ್ ಅಂತ ಓದುತ್ತಂತೆ, ನಮಗೂ ಗ್ರೀನಿಚ್‌ಗೂ ಇರೋ ಐದೂವರೆ ಗಂಟೆ ಪೂರ್ತಿ ಹಿಂದಕ್ಕೆ. ಕರಾರಿನಲ್ಲಿ ದಿನಾಂಕ ನಾನು ಕೈಯಲ್ಲೇ ಹಾಕೋದ್ರಿಂದ ಬಚಾವ್. ಸಂಜೆ ಫೋನಲ್ಲಿ ಅಣ್ಣನ ಮಗ ಒಂದು ಕಮಾಂಡ್ ಹೇಳಿದ, ಲಿನಕ್ಸೂ ಊರಿನ ಟೈಮನ್ನೇ ಬರೀಲಿ ಅಂತ, ಸರಿಹೋಯ್ತು.

ಅವನ ಹತ್ರ ಮುಖ್ಯವಾಗಿ ಕೇಳಿದ್ದು ಸ್ಕ್ರೋಲ್ ಲಾಕ್ ವಿಷಯ. ಅವನಿಗೆ ಅಂಥ ಕೀ ಇದೆ ಅನ್ನೋದೇ ಗೊತ್ತಿಲ್ಲ, ಅವನ ಲ್ಯಾಪ್‌ಟಾಪಲ್ಲಿ ಇಲ್ವೇ ಇಲ್ಲ. ಅವನು ಹೇಳ್ದಂಗೆ ಕೀಬೋರ್ಡ್ ಸೆಟ್ಟಿಂಗಿಗೆ ಹೋಗಿ ಲೇಔಟ್ ಸೇರಿಸೋ ಜಾಗದಲ್ಲಿ ಹುಡುಕಿದ್ರೆ, ಕನ್ನಡದಲ್ಲಿ ಕಗಪ ಅಂತ ಸಾಕ್ಷಾತ್ ಒಂದು ಲೇಔಟ್! ನುಡಿ ಮಾಡಿದ ಕನ್ನಡ ಗಣಕ ಪರಿಷತ್ತಿನ ಹೆಸರು ಅಲ್ಲಿ ಕೂತಿರುತ್ತೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ಕೆ.ಪಿ. ರಾವ್ ಮಾಡಿದ ಆ ಕೀಬೋರ್ಡ್ ಜೋಡಣೆನೇ ನಮ್ಮ ನುಡಿಯಲ್ಲಿರೋದು, ಕೆ ಒತ್ತಿದ್ರೆ ಕ, ಕ್ಯೂ ಒತ್ತಿದ್ರೆ ಟ, ಡಬ್ಲ್ಯೂ ಒತ್ತಿದ್ರೆ ಡ, ಒತ್ತಕ್ಷರಕ್ಕೆ ನಡುವೆ ಎಫ್. ಸೇರಿಸ್ಕೊಂಡು ಒತ್ತಿ ನೋಡ್ದೆ, ಎಲ್ಲಾ ಅದದೇ ಜಾಗದಲ್ಲಿವೆ. ಆಮೇಲೆ ಅಲ್ಲೇ ಆಪ್ಷನ್ಸ್ ಅಂತ ಒಂದು ಬಟನ್, ಅದರೊಳಗೆ ಲೇಔಟ್ ಬದಲಾಯಿಸೋಕೆ ಯಾವ ಕೀ ಅಂತ ಮಾರುದ್ದ ಪಟ್ಟಿ. ಕೆಳಗೆ ಇಳೀತಾ ಹೋದ್ರೆ ಸ್ಕ್ರೋಲ್ ಲಾಕೂ ಇದೆ. ಟಿಕ್ ಹಾಕ್ದೆ. ಇನ್ನೊಂದು ಕಡೆ ಎರಡನೇ ಲೇಔಟ್ ಇದ್ದಾಗ ಸ್ಕ್ರೋಲ್ ಲಾಕ್ ಲೈಟ್ ಉರೀಲಾ ಅಂತಾನೂ ಇತ್ತು, ಅದಕ್ಕೂ ಹಾಕ್ದೆ. ಈಗ ಕನ್ನಡದಲ್ಲಿದ್ದಾಗ ಕೀಬೋರ್ಡ್ ಮೇಲೆ ಹಸಿರು ಲೈಟು, ಇಂಗ್ಲಿಷಿಗೆ ಬಂದ್ರೆ ಆಫ್. ಈ ಲಿನಕ್ಸ್ ಮಾಡೋರು ಯಾರೋ ಪುಣ್ಯಾತ್ಮರು, ಪ್ರಪಂಚದಲ್ಲಿ ನನ್ನಂಥ ಟೈಪಿಸ್ಟ್ ಒಬ್ಳು ಇರ್ತಾಳೆ ಅಂತ ಊಹಿಸಿ ಆ ಸಾಲು ಸೇರಿಸಿದಾರೆ ಅನ್ನಿಸ್ಬಿಡ್ತು.

ಖುಷಿ ಪೂರ್ತಿ ಉಳೀಲಿಲ್ಲ. "ಈ ಬಾಡಿಗೆ ಕರಾರು ಪತ್ರ" ಅಂತ ಶುರು ಮಾಡಬೇಕಲ್ಲ, ಮೊದಲ ಅಕ್ಷರ ಈ. ನುಡಿಯಲ್ಲಿ ಪದದ ಮೊದಲಲ್ಲಿ ಸ್ವರದ ಕೀ ಒತ್ತಿದ್ರೆ ಅದು ತಾನೇ ತಿಳ್ಕೊಂಡು ಪೂರ್ತಿ ಅಕ್ಷರ ಕೊಡುತ್ತೆ, ವ್ಯಂಜನ ಆದ್ಮೇಲೆ ಒತ್ತಿದ್ರೆ ಗುಣಿತದ ಚಿಹ್ನೆ ಕೊಡುತ್ತೆ. ಇಲ್ಲಿ ಅಷ್ಟು ಬುದ್ಧಿ ಇಲ್ಲ, ಯಾವಾಗಲೂ ಚಿಹ್ನೆನೇ. ಪದದ ಮೊದಲಲ್ಲಿ ಒತ್ತಿದ್ರೆ ಚುಕ್ಕಿ ಚುಕ್ಕಿ ವೃತ್ತಕ್ಕೆ ದೀರ್ಘ ನೇತಾಡ್ಕೊಂಡು ನಿಲ್ಲುತ್ತೆ. ಪೂರ್ತಿ ಸ್ವರ ಬೇಕಂದ್ರೆ ಬಲಗಡೆ ಆಲ್ಟ್ ಹಿಡ್ಕೊಂಡು ಒತ್ತಬೇಕು, ದೀರ್ಘಕ್ಕೆ ಜೊತೇಲಿ ಶಿಫ್ಟ್ ಬೇರೆ. ಮೊದಮೊದಲು ಎಡಗೈಯಲ್ಲಿ ಊಟ ಮಾಡಿದಂಗೆ ಆಗೋದು. ನಮ್ಮ ಪತ್ರಗಳಲ್ಲಿ ಇ, ಈ, ಎ, ಒ ಇಂದ ಶುರುವಾಗೋ ಪದಗಳು ಎಷ್ಟಿವೆ ಅಂತ ಆಗ್ಲೇ ಗೊತ್ತಾಗಿದ್ದು: ಇದರಲ್ಲಿ, ಇವರುಗಳು, ಈ ಮೂಲಕ, ಎರಡನೇ ಪಾರ್ಟಿ, ಎಲ್ಲೆಕಟ್ಟು, ಒಪ್ಪಿ. ಕನ್ನಡ ಟೈಪ್ ಮಾಡೋಕೆ ಐಬಸ್ ಅಂತ ಇನ್ನೊಂದು ದಾರಿ ಇದೆ ಅತ್ತೆ, ಅದನ್ನ ನೋಡು ಅಂದ ಹುಡುಗ. ನಾನು ಬೇಡ ಅಂದೆ. ಸ್ಕ್ರೋಲ್ ಲಾಕ್ ಸಿಕ್ಕಿದೆ, ಲೈಟ್ ಸಿಕ್ಕಿದೆ, ಆಲ್ಟ್ ನಾನು ಕಲೀತೀನಿ. ಕಲ್ತೂ ಆಯ್ತು ಬಿಡಿ, ದೀಪಾವಳಿ ಕಳೆದು ಹಾಸನಾಂಬ ಬಾಗ್ಲು ಹಾಕಿದ ಮೇಲೆ ಶುರು ಮಾಡಿದ್ದು, ಸಂಕ್ರಾಂತಿ ಹೊತ್ತಿಗೆ ಹೆಬ್ಬೆರಳು ತಾನೇ ಹೋಗ್ತಿತ್ತು.

ದೊಡ್ಡ ಕೆಲಸ ಅಂದ್ರೆ ಹಳೇ ಮಾದರಿಗಳನ್ನ ಯೂನಿಕೋಡಿಗೆ, ಅಂದ್ರೆ ಒಳಗೂ ಕನ್ನಡ ಅಕ್ಷರನೇ ಇರೋ ಪದ್ಧತಿಗೆ ತರೋದು. ಬ್ರೌಸರಲ್ಲೇ ಆಸ್ಕಿಯಿಂದ, ಅಂದ್ರೆ ಆ ಹಳೇ ಫಾಂಟಿನ ಪದ್ಧತಿಯಿಂದ, ಯೂನಿಕೋಡಿಗೆ ಬದಲಾಯಿಸೋ ಪರಿವರ್ತಕಗಳಿವೆ, ಗೀಚು ಪೇಸ್ಟ್ ಮಾಡಿದ್ರೆ ಕನ್ನಡ ಕೊಡುತ್ತೆ, ಕನ್ನಡದ ಹುಡುಗರೇ ಮಾಡಿ ಪುಕ್ಕಟೆ ಕೊಟ್ಟಿರೋದು. ನಂಬೋಕಾಗ್ದಷ್ಟು ಚೆನ್ನಾಗಿ ಮಾಡುತ್ತೆ. ಆದ್ರೆ ನಡುವೆ ನಿಜವಾದ ಇಂಗ್ಲಿಷ್ ಪದ ಇದ್ರೆ ಅದನ್ನೂ ಕನ್ನಡ ಅಂದ್ಕೊಂಡು ಏನೇನೋ ಮಾಡಿಡುತ್ತೆ, ಬ್ಯಾಂಕಿನ ಹೆಸರೆಲ್ಲಾ ಮಂತ್ರ ಆಗಿತ್ತು. ಬೋಲ್ಡು, ಅಂಡರ್‌ಲೈನು, ಚೆಕ್ಕುಬಂದಿ ಬರೆಯೋ ಟೇಬಲ್ಲು ಎಲ್ಲಾ ಹೋಗುತ್ತೆ, ಬರೀ ಅಕ್ಷರ ಉಳಿಯುತ್ತೆ. ಸರ್ವೆ ನಂಬರು, ವಿಸ್ತೀರ್ಣ ಇರೋ ಸಾಲುಗಳನ್ನ ಮಾತ್ರ ಪರಿವರ್ತಕಕ್ಕೆ ಬಿಡದೆ ಹಳೇ ಪ್ರಿಂಟ್ ಪಕ್ಕದಲ್ಲಿಟ್ಕೊಂಡು ಕೈಯಲ್ಲೇ ಟೈಪ್ ಮಾಡಿದೆ. ಗುಂಟೆ ಒಂದು ಹೆಚ್ಚುಕಮ್ಮಿ ಆದ್ರೆ ಅಣ್ಣತಮ್ಮಂದಿರು ಮತ್ತೆ ಇದೇ ಕೋರ್ಟಿಗೇ ಬರಬೇಕಾಗುತ್ತೆ.

ಫಾಂಟ್ ಪಟ್ಟೀಲಿ ಗುಬ್ಬಿ, ನವಿಲು ಅಂತ ಎರಡು ಕನ್ನಡ ಫಾಂಟ್ ಸಿಕ್ವು. ಹೆಸರೇ ಚೆಂದ, ನವಿಲು ನೋಡೋಕೂ ಚೆಂದ, ಆದ್ರೆ ಕೋರ್ಟಿನ ಕಾಗದಕ್ಕೆ ನನಗೆ ಹಿಡಿಸಿದ್ದು ನೋಟೊ ಸೆರಿಫ್. ಫಾಂಟ್ ಬದಲಾದ ಮೇಲೆ ಸಾಲು ಒಡೆಯೋ ಜಾಗ ಬದಲಾಗುತ್ತೆ, ಒಂದು ಪುಟದ ಕರಾರು ಎರಡನೇ ಪುಟಕ್ಕೆ ಮೂರು ಸಾಲು ಚೆಲ್ಲುತ್ತೆ, ಸಾಕ್ಷಿಗಳ ಸಹಿ ಮಾತ್ರ ಖಾಲಿ ಹಾಳೇಲಿ. ಅಂಥ ಪತ್ರಕ್ಕೆ ಯಾವ ವಕೀಲರೂ ಒಪ್ಪಲ್ಲ. ಇ-ಸ್ಟ್ಯಾಂಪ್ ಕಾಗದದಲ್ಲಂತೂ ಮೇಲಿನ ಭಾಗ ಬಿಟ್ಟು ಕೆಳಗಿಂದ ಶುರುವಾಗಬೇಕು. ಲೀಗಲ್ ಸೈಜಿಗೆ ಮಾರ್ಜಿನ್ ಒಂದ್ಸಲ ಕೂತು ಹೊಂದಿಸಿ ಮಾದರಿ ಮಾಡಿಟ್ಕೊಂಡೆ, ಆಮೇಲೆ ತಂಟೆ ಇಲ್ಲ.

ಸಣ್ಣಪುಟ್ಟವು ಇನ್ನೂ ಇವೆ. ಯಾವುದಾದ್ರೂ ಪದ ಸೆಲೆಕ್ಟ್ ಮಾಡಿ, ಆಮೇಲೆ ಮೌಸ್ ಚಕ್ರ ತಿರುಗಿಸೋಕೆ ಹೋಗಿ ಒತ್ಬಿಟ್ರೆ ಆ ಪದ ಕರ್ಸರ್ ಇರೋ ಕಡೆ ಪೇಸ್ಟ್ ಆಗುತ್ತೆ, ಕಂಟ್ರೋಲ್ ಸಿ ಕೊಡದೇ ಇದ್ರೂ. ಗೊತ್ತಾದ್ಮೇಲೆ ಅದು ಬಹಳ ಉಪಯೋಗ, ಗೊತ್ತಾಗೋ ತನಕ ದೆವ್ವದ ಕಾಟ. ಡಿ ಡ್ರೈವಿಗೆ ಸೇವ್ ಆಗ್ತಿರ್ಲಿಲ್ಲ ಕೆಲವು ದಿನ, ಓದೋಕೆ ಮಾತ್ರ ಬಿಡೋದು. ವಿಂಡೋಸ್ ಆಫ್ ಮಾಡಿದ್ರೂ ಫಾಸ್ಟ್ ಸ್ಟಾರ್ಟಪ್ ಇದ್ರೆ ಅದು ಪೂರ್ತಿ ಆಫ್ ಆಗಲ್ಲ, ಅರ್ಧ ನಿದ್ದೇಲಿರುತ್ತೆ, ಅದಕ್ಕೇ ಲಿನಕ್ಸು ಅದರ ಡ್ರೈವಿಗೆ ಬರೆಯೋಕೆ ಹೋಗಲ್ಲ. ಅದನ್ನ ವಿಂಡೋಸ್ ಒಳಗೆ ಹೋಗಿ ಆಫ್ ಮಾಡಿದ್ಮೇಲೆ ಸರಿ ಆಯ್ತು. ಪಹಣಿ, ನೋಂದಣಿ ವೆಬ್‌ಸೈಟುಗಳೆಲ್ಲಾ ಬ್ರೌಸರಲ್ಲೇ ತೆರ್ಕೊಳ್ಳೋದ್ರಿಂದ ಅಲ್ಲಿ ಏನೂ ವ್ಯತ್ಯಾಸ ಇಲ್ಲ, ಸರ್ವರ್ ಬಿಜಿ ಅನ್ನೋದು ಎರಡರಲ್ಲೂ ಒಂದೇ ಥರ.

ಪ್ರಿಂಟರ್ ಮಾತ್ರ ಇನ್ನೂ ಬಗ್ಗಿಲ್ಲ. ಪ್ರತೀ ಜೆರಾಕ್ಸ್ ಅಂಗಡೀಲೂ ಕಾಣೋ ಆ ಸಣ್ಣ ಹಳೇ ಲೇಸರ್ ಪ್ರಿಂಟರೇ ನಂದೂ, ಅದಕ್ಕೆ ಲಿನಕ್ಸ್ ಡ್ರೈವರ್ ಇದೆ ಅಂತಾರೆ, ಹಾಕಿದ್ರೆ ಒಂದು ಪುಟ ಬಂದು ಸುಮ್ನಾಗುತ್ತೆ. ಹುಡುಗ ದೂರದಿಂದ ಸ್ಕ್ರೀನ್ ನೋಡ್ಕೊಂಡು ಒಂದು ರಾತ್ರಿ ಪೂರ್ತಿ ಒದ್ದಾಡಿ ಕೈ ಚೆಲ್ದ. ಈಗ ಪಿಡಿಎಫ್ ಮಾಡಿ ಪಕ್ಕದ ಜೆರಾಕ್ಸಿನವರ ಮಿಷಿನಿಂದ ತೆಗೆಸ್ತೀನಿ, ಪುಟಕ್ಕೆ ಇಷ್ಟು ಅಂತ ಲೆಕ್ಕ. ಜಾಸ್ತಿ ಪ್ರತಿ ಬೇಕಾದ ದಿನ ವಿಂಡೋಸಿಗೇ ಹೋಗ್ತೀನಿ. ಇನ್ನೂ ಕೆಲವು ವಕೀಲರ ಆಫೀಸಿಂದ ಹಳೇ ನುಡಿ ಫೈಲೇ ಬರುತ್ತೆ, ಅದನ್ನ ಅದೇ ಥರ ವಾಪಸ್ ಕೊಡಬೇಕು, ಅವಾಗ್ಲೂ ವಿಂಡೋಸೇ. ಬಿಟ್ಟಿದ್ದೀನಿ ಅಂತ ಹೇಳ್ಕೊಂಡ್ರೂ ಪೂರ್ತಿ ಬಿಟ್ಟಿಲ್ಲ ನೋಡಿ. ನನ್ನನ್ನ ಕಟ್ಟಿಹಾಕಿದ್ದು ವಿಂಡೋಸ್ ಅಂತ ಅಂದ್ಕೊಂಡಿದ್ದೆ, ಬಿಚ್ತಾ ಹೋದ್ರೆ ಗಂಟು ಇದ್ದಿದ್ದೆಲ್ಲಾ ಆ ಹಳೇ ಫಾಂಟಿನ ಹತ್ರ.

ಬಸ್ ಸ್ಟ್ಯಾಂಡ್ ಕಡೆ ಲಗ್ನಪತ್ರಿಕೆ, ಬ್ಯಾನರ್ ಡಿಟಿಪಿ ಮಾಡೋ ಅಣ್ಣ ಒಬ್ರಿದ್ದಾರೆ. ನನ್ನ ಸ್ಕ್ರೀನ್ ನೋಡಿ "ನನ್ ಸಿಸ್ಟಮ್ಮಿಗೂ ಹಾಕ್ಸಮ್ಮ, ನಿಮ್ಮ ಹುಡುಗ ಬಂದಾಗ" ಅಂದ್ರು. ನೀವು ಯಾವ್ದರಲ್ಲಿ ಮಾಡ್ತೀರಣ್ಣ ಅಂತ ಕೇಳ್ದೆ. ಪುಟ ಜೋಡಿಸೋ ಪೇಜ್‌ಮೇಕರ್, ಅದೂ 7, 2001ರಲ್ಲಿ ಬಂದಿದ್ದು, ಅದರಾಚೆ ಆ ಸಾಫ್ಟ್‌ವೇರಿಗೆ ಹೊಸ ಆವೃತ್ತಿನೇ ಬರ್ಲಿಲ್ಲ. ಅದರೊಳಗೆ ಸಾವಿರಾರು ಲಗ್ನಪತ್ರಿಕೆ, ಎಲ್ಲಾ ಹಳೇ ಫಾಂಟಲ್ಲಿ, ಗಣಪತಿ ಬಾರ್ಡರ್ ಸಮೇತ. ನೀವು ಸದ್ಯಕ್ಕೆ ಬೇಡಣ್ಣ ಅಂದೆ, ಮೊದ್ಲು ಹೊಸ ಪತ್ರಿಕೆಗಳನ್ನಾದ್ರೂ ಯೂನಿಕೋಡಲ್ಲಿ ಮಾಡೋಕೆ ಶುರು ಮಾಡಿ, ಲಿನಕ್ಸ್ ಮಾತು ಮುಂದಿನ ಲಗ್ನದ ಸೀಸನ್ ಕಳೆದ್ಮೇಲೆ.