‘ಊರು ಅಷ್ಟು ಹತ್ತಿರ ಇತ್ತಲ್ಲ, ಯಾಕೆ ಹೋಗಲಿಲ್ಲ?’

ಕೊರೊನಾದ ವರ್ಷ ನಾನು ವಿಜಯಪುರದ ಹಾಸ್ಟೆಲ್‌ನಲ್ಲೇ ಇದ್ದೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಇದೊಂದೇ ಪ್ರಶ್ನೆ. ಲಗ್ನದ ಮನೆಯಲ್ಲಿ ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ. ಮೊನ್ನೆ ನನ್ನ ಕ್ಲಾಸಿನ ಹುಡುಗಿಯೊಬ್ಬಳೂ ಕೇಳಿದಳು. ಆಗ ನಾನು ಪಿಎಚ್‌.ಡಿ ಮಾಡುತ್ತಿದ್ದೆ. ನಮ್ಮೂರು ಇಂಡಿ ತಾಲ್ಲೂಕಿನಲ್ಲಿ, ಭೀಮಾ ದಂಡೆಗೆ. ಹಾಸ್ಟೆಲ್‌ನಿಂದ ಅರವತ್ತು ಕಿಲೋಮೀಟರ್ ಚಿಲ್ಲರೆ. ನನ್ನ ಸಂಶೋಧನೆಯ ವಿಷಯವೂ ಇಂಡಿ ಸೀಮೆಯ ಲಿಂಬೆ ಬೆಳೆಗಾರರದ್ದೇ. "ಅವ್ವ ಅಪ್ಪ ಅಲ್ಲೇ, ನಿನ್ನ ಕೆಲಸನೂ ಅಲ್ಲೇ. ಮತ್ತ ಇಲ್ಲಿ ಯಾಕ ಕೂತಿದ್ದಿ?" ಅಂತ ನಮ್ಮ ಸೋದರಮಾವ ಈಗಲೂ ಕೇಳುತ್ತಾನೆ.

ಓದೋದಿತ್ತು ಅಂತ ಹೇಳಿ ಇಷ್ಟು ದಿನ ಮಾತು ಮುಗಿಸುತ್ತಿದ್ದೆ. ಇವತ್ತು ಪೂರ್ತಿ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಎರಡು ಖೋಲಿ, ಮುಂದೊಂದು ಪಡಸಾಲೆ. ಏಳು ಜನ ಇದ್ದರು. ಮೇ ತಿಂಗಳಲ್ಲಿ ಪುಣೆಯಿಂದ ಕಾಕಾನ ಸಂಸಾರ ಬಂದ ಮೇಲೆ ಹನ್ನೊಂದಾಯಿತು. ಮೊಬೈಲಿಗೆ ಸಿಗ್ನಲ್ ಬರುವುದು ಮಾಳಿಗೆಯ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿ ಬೆಳಿಗ್ಗೆ ಎಂಟರ ಮೇಲೆ ಬಿಸಿಲಿಗೆ ನಿಲ್ಲುವ ಹಾಗಿಲ್ಲ. ಇದೆಲ್ಲ ಹೇಗಾದರೂ ನಡೆಯುತ್ತಿತ್ತು. ಆದರೆ ಹೆಣ್ಣುಮಗಳು ಮನೆಯಲ್ಲಿ ಕೂತಿದ್ದಾಳೆ ಅಂದರೆ ಖಾಲಿ ಇದ್ದಾಳೆ ಅಂತಲೇ ಲೆಕ್ಕ. ಪುಸ್ತಕ ತೆರೆದಿದ್ದರೂ ಅಷ್ಟೇ. "ಅದನ್ನ ಆಮ್ಯಾಲ ಓದು, ಮೊದಲ ಇದನ್ನ ಹಸನ ಮಾಡು" ಅಂತ ಜೋಳದ ಮೊರ ಕೈಗೆ ಬರುತ್ತದೆ. ಅವ್ವನ ಮೇಲೆ ನನಗೆ ಸಿಟ್ಟಿಲ್ಲ. ಆಕೆ ಒಬ್ಬಳೇ ಹನ್ನೊಂದು ಜನರಿಗೆ ಎಷ್ಟಂತ ಮಾಡಬೇಕು?

ಇನ್ನೊಂದು ಮಾತಿದೆ. ಆ ವರ್ಷ ಮದುವೆಗೆ ಐವತ್ತೇ ಜನ ಅಂತ ಸರ್ಕಾರದ ನಿಯಮ ಇತ್ತು. ಮಗಳ ಲಗ್ನಕ್ಕೆ ಸಾಲ ಮಾಡಬೇಕಾದ ಅಪ್ಪಂದಿರಿಗೆ ಅದು ಒಳ್ಳೇ ಅವಕಾಶವಾಗಿ ಕಂಡಿತು. ಓದುವ ಹುಡುಗಿ ಹೇಗೂ ಮನೆಯಲ್ಲೇ ಇದ್ದಾಳೆ, ಖರ್ಚೂ ಕಡಿಮೆ, ಮುಗಿಸಿಬಿಡೋಣ ಅಂತ. ಏಪ್ರಿಲ್‌ನಲ್ಲಿ ಅಪ್ಪ ಫೋನಿನಲ್ಲಿ ನನಗೂ ಒಂದು ಗಂಡಿನ ವಿಷಯ ತೆಗೆದಿದ್ದ. ನಾನು ಎದುರಿಗಿದ್ದಿದ್ದರೆ ಆ ಮಾತು ಅಷ್ಟಕ್ಕೆ ನಿಲ್ಲುತ್ತಿರಲಿಲ್ಲ.

ಹಾಗಾಗಿ ಉಳಿದೆ. ನಮ್ಮ ಹಾಸ್ಟೆಲ್‌ನಲ್ಲಿ ಎಂ.ಎ, ಎಂ.ಎಸ್ಸಿ, ಪಿಎಚ್‌.ಡಿ ಎಲ್ಲ ಸೇರಿ ನೂರ ಮೂವತ್ತು ಹುಡುಗಿಯರಿದ್ದೆವು. ಪಕ್ಕದ ಕಲಬುರಗಿಯಲ್ಲಿ ಆದ ಸಾವು ಕೋವಿಡ್‌ನಿಂದಲೇ, ದೇಶದಲ್ಲೇ ಮೊದಲನೆಯದು ಅಂತ 2020ರ ಮಾರ್ಚ್ 12ರಂದು ಖಚಿತವಾಯಿತು. ಮರುದಿನವೇ ರಾಜ್ಯ ಸರ್ಕಾರ ಒಂದು ವಾರ ಕಾಲೇಜು ಬಂದ್ ಅಂತ ಹೇಳಿತು. ಒಂದು ವಾರ ಅಂದಿದ್ದಕ್ಕೆ ಎಲ್ಲರೂ ನಾಲ್ಕು ಜೊತೆ ಬಟ್ಟೆ ತುಂಬಿಕೊಂಡು ಹೋದರು. ಪುಸ್ತಕ, ಟ್ರಂಕು, ಹಾಸಿಗೆ ಎಲ್ಲ ಇಲ್ಲೇ ಬಿಟ್ಟರು. ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಆದಾಗ ಉಳಿದವರು ಹನ್ನೊಂದು ಜನ.

ನಮ್ಮಲ್ಲಿ ಊರ ಹೆಸರಿನಿಂದಲೇ ಕರೆಯುವುದು ರೂಢಿ. ನಾನು ಇಂಡಿ. ಅಥಣಿಗೆ ತಾಯಿ ಇರಲಿಲ್ಲ, ಅಣ್ಣನ ಮನೆಗೆ ಹೋಗುವ ಮನಸ್ಸಿರಲಿಲ್ಲ. ಬೀದರಿಗೆ ಬಸ್ಸೇ ಸಿಗಲಿಲ್ಲ. ಜಮಖಂಡಿಯ ಪ್ರಯೋಗ ಅರ್ಧಕ್ಕೆ ನಿಂತಿತ್ತು. ತಾಳಿಕೋಟಿ ಯಾಕೆ ಹೋಗಲಿಲ್ಲ ಅಂತ ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ. ನಿಂತ ಬಸ್ಸು ಮತ್ತೆ ರಸ್ತೆಗೆ ಇಳಿದದ್ದು ಮೇ 19ಕ್ಕೆ. ಅಷ್ಟರಲ್ಲಿ ನಾವು ಹನ್ನೊಂದು ಜನ ಒಂದು ಮನೆಯವರಾಗಿದ್ದೆವು.

ಮೆಸ್ಸಿನಲ್ಲಿ ಮೊದಲು ಮೂರು ಜನ ಅಡುಗೆಯವರಿದ್ದರು. ಇಬ್ಬರಿಗೆ ಬರಲು ಆಗಲಿಲ್ಲ. ಆಯಿ ಒಬ್ಬರೇ ತಮ್ಮ ಗಂಟು ತಂದು ದಿನಸಿ ಖೋಲಿಯಲ್ಲಿ ಉಳಿದರು. ಎಲ್ಲರೂ ಅವರನ್ನು ಆಯಿ ಅಂತಲೇ ಕರೆಯುತ್ತಿದ್ದೆವು. ನೂರಾರು ರೊಟ್ಟಿ ಬಡಿದ ಕೈ ಅದು. ಸರದಿ ಮೇಲೆ ನಾವೂ ಕೂತೆವು. ಅಥಣಿ ಬಿಟ್ಟರೆ ಯಾರಿಗೂ ರೊಟ್ಟಿ ಬರುತ್ತಿರಲಿಲ್ಲ. ಹಿಟ್ಟಿಗೆ ಕುದಿಯುವ ನೀರು ಹಾಕಿ, ಬಿಸಿ ಇರುವಾಗಲೇ ನಾದಬೇಕು. ನಾವು ಕೈ ಸುಡುತ್ತದೆ ಅಂತ ಕಾಯುತ್ತಿದ್ದೆವು, ರೊಟ್ಟಿ ಅಂಚಿಗೆ ಸೀಳುತ್ತಿತ್ತು. "ಹಿಟ್ಟ ಆರಿದ ಮ್ಯಾಲ ನಿನ್ನ ಮಾತ ಕೇಳೂದಿಲ್ಲವಾ, ಬಿಸಿ ಇದ್ದಾಗ ಹಿಡೀಬೇಕು" ಅನ್ನುತ್ತಿದ್ದರು ಆಯಿ. ಹಂಚಿನ ಮೇಲೆ ಹಾಕಿ ಒದ್ದೆ ಅರಿವೆಯಿಂದ ಸವರುವಾಗ ಬರುವ ಆ ಚುಂಯ್ ಸದ್ದು, ಹಸಿ ಜೋಳದ ಹಿಟ್ಟು ಸುಡುವ ವಾಸನೆ, ಆ ಬೇಸಿಗೆ ಅಂದರೆ ನನಗೆ ಮೊದಲು ನೆನಪಾಗುವುದು ಇದೇ. ಜೂನ್ ಹೊತ್ತಿಗೆ ನನ್ನ ರೊಟ್ಟಿ ದುಂಡಗೆ ಬರುತ್ತಿತ್ತು.

ಏಪ್ರಿಲ್‌ನಲ್ಲಿ ಒಂದು ದಿನ ತಿಕೋಟಾದ ಗೆಳತಿಯ ಅಪ್ಪ ಪಾಸ್ ಮಾಡಿಸಿಕೊಂಡು ಔಷಧಿಗೆ ಅಂತ ಪೇಟೆಗೆ ಬಂದವರು, ನಮ್ಮ ಗೇಟಿನ ಹತ್ತಿರ ನಾಲ್ಕು ಕ್ರೇಟ್ ದ್ರಾಕ್ಷಿ ಇಳಿಸಿ ಹೋದರು. ಕೊಯ್ಲಿನ ಹೊತ್ತಿಗೇ ಬಂದ್ ಆಗಿತ್ತು, ಕೊಳ್ಳುವವರು ಬರಲಿಲ್ಲ. ಹಸಿ ಹಣ್ಣನ್ನೇ ಮಾರುತ್ತಿದ್ದ ರೈತರೂ ಅದನ್ನೆಲ್ಲ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡಲು ಹಾಕಿದ್ದರು. ನಾಲ್ಕು ಕಿಲೋ ಹಣ್ಣಿಗೆ ಹತ್ತಿರ ಹತ್ತಿರ ಒಂದು ಕಿಲೋ ಒಣದ್ರಾಕ್ಷಿ. ಅದನ್ನು ಕೊಂಡೊಯ್ಯುವ ಸಾಂಗ್ಲಿ, ತಾಸಗಾಂವ ಪೇಟೆಯ ದಾರಿಯೂ ಮುಚ್ಚಿತ್ತು. ಅವರು ನಮ್ಮ ಹತ್ತಿರ ದುಡ್ಡು ಮುಟ್ಟಲಿಲ್ಲ. "ಮಗಳ ಗೆಳತ್ಯಾರು ತಿಂದ್ರ ಸಾಕು" ಅಂದರು.

ಈಗ ಚೀಲದ ವಿಷಯ. ಇದನ್ನು ಹೇಳುವುದು ನನಗೆ ಮುಖ್ಯ.

ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ದುಡಿಯುವ ಜನ ಗುಂಪು ಗುಂಪಾಗಿ ವಾಪಸ್ ಬಂದರು. ನಮ್ಮ ಕಡೆಯಿಂದ ಎಷ್ಟು ಜನ ಅಲ್ಲಿಗೆ ಹೋಗುತ್ತಾರೆ ಅಂತ ಎಲ್ಲರಿಗೂ ಗೊತ್ತು. ಅವರನ್ನು ಹದಿನಾಲ್ಕು ದಿನ ಕ್ವಾರಂಟೈನ್‌ನಲ್ಲಿ ಇಡಬೇಕಿತ್ತು. ಶಾಲೆ, ಹಾಸ್ಟೆಲ್ ಎಲ್ಲ ತೆಗೆದುಕೊಂಡರು. ನಮ್ಮ ಹಿಂದಿನ ಬ್ಲಾಕನ್ನೂ ಕೇಳಿದರು. ತೆಗೆದುಕೊಂಡಿದ್ದು ಸರಿ. ಎಳೆ ಮಕ್ಕಳನ್ನು ಕರೆದುಕೊಂಡು ಬಂದವರನ್ನು ಎಲ್ಲಿ ಇಡಬೇಕು? ಆದರೆ ಖೋಲಿ ಖಾಲಿ ಮಾಡಲು ಕೊಟ್ಟಿದ್ದು ಒಂದೇ ರಾತ್ರಿ. ನಾಳೆ ಬೆಳಿಗ್ಗೆ ಬೀಗ ಒಡೆಯುತ್ತೇವೆ ಅಂದರು.

ಬೇರೆಯವರು ಹುಡುಗಿಯರ ಸಾಮಾನು ಮುಟ್ಟುವುದು ಬೇಡ, ನಾವೇ ಮಾಡುತ್ತೇವೆ ಅಂದೆವು. ಅಡುಗೆ ಮನೆಯಿಂದ ಖಾಲಿ ಅಕ್ಕಿ ಚೀಲ ತಂದೆವು. ನಲವತ್ತು ಖೋಲಿ. ಒಬ್ಬಳು ವಿಡಿಯೋ ಕಾಲ್ ಹಿಡಿಯುವುದು, ಇಬ್ಬರು ತುಂಬುವುದು. "ಇದು ನಿಂದೇನ? ಇದು?" ಆ ಕಡೆ ಒಬ್ಬೊಬ್ಬರೇ ಅಳುತ್ತಿದ್ದರು. ಮಾರ್ಚ್ ಪುಟಕ್ಕೆ ನಿಂತ ಕ್ಯಾಲೆಂಡರ್. ಮುಗ್ಗಲು ಬಂದ ಶೇಂಗಾ ಹಿಂಡಿಯ ಡಬ್ಬಿ. ಅರ್ಧ ತಿಂದ ಕರದಂಟಿನ ಪೊಟ್ಟಣ. ಹೊಲಿಯಲು ಹಾಕಬೇಕು ಅಂತ ತಂದಿಟ್ಟ ಗುಳೇದಗುಡ್ಡ ಖಣ. ಕಿಟಕಿಗೆ ಕಟ್ಟಿದ ಹಗ್ಗದ ಮೇಲೆ ಎರಡು ತಿಂಗಳಿಂದ ಒಣಗುತ್ತಿದ್ದ ಟವೆಲ್. ಗೋಡೆಗೆ ಅಂಟಿಸಿದ ವೇಳಾಪಟ್ಟಿಯನ್ನು ಹರಿಯದ ಹಾಗೆ ಬಿಡಿಸಲು ಬೀದರ್ ಹತ್ತು ನಿಮಿಷ ತೆಗೆದುಕೊಂಡಳು. ಬೆಳಗಿನ ನಾಲ್ಕಕ್ಕೆ ಮುಗಿಯಿತು. ಪ್ರತಿ ಚೀಲದ ಮೇಲೆ ಮಾರ್ಕರ್‌ನಿಂದ ಊರು, ಖೋಲಿ ನಂಬರು ಬರೆದು ಮೆಟ್ಟಿಲ ಕೆಳಗೆ ಜೋಡಿಸಿದೆವು.

ಅವತ್ತು ನನಗೆ ಒಂದು ತಿಳಿಯಿತು. ತುರ್ತು ಬಂದಾಗ ಮೊದಲು ಖಾಲಿ ಮಾಡಿಸಬಹುದಾದ ಜಾಗ ಅಂತ ಹಾಸ್ಟೆಲನ್ನು ನೋಡುತ್ತಾರೆ. ಹುಡುಗಿಯರಿಗೆ ಮನೆ ಇದೆಯಲ್ಲ, ಹೋಗಲಿ ಅಂತ. ಇಪ್ಪತ್ತೆರಡು, ಇಪ್ಪತ್ತಾರು ವಯಸ್ಸಿನ ಹೆಣ್ಣುಮಗಳಿಗೆ ತನ್ನದು ಅಂತ ಇರುವ ಒಂದು ಮೇಜು, ಒಂದು ಬೀಗ, ಒಂದು ಕೀಲಿ ಹಾಸ್ಟೆಲ್‌ನಲ್ಲಿ ಮಾತ್ರ ಇರುತ್ತದೆ ಅಂತ ಯಾರೂ ಯೋಚಿಸುವುದಿಲ್ಲ. ನನಗೆ ಊರಲ್ಲಿ ಹಾಸಿಗೆ ಇದೆ, ಊಟ ಇದೆ, ಪ್ರೀತಿ ಇದೆ. ಮೇಜು ಇಲ್ಲ. ಪ್ರಶ್ನೆ ಕೇಳುವವರಿಗೆ ನನ್ನ ಉತ್ತರ ಇದೇ.

ಹಿಂದಿನ ಬ್ಲಾಕಿಗೆ ಬಂದವರ ಜೊತೆ ಮಾತಾಡುವ ಹಾಗಿರಲಿಲ್ಲ. ಸಂಜೆ ಕಿಟಕಿಯಲ್ಲಿ ಮಕ್ಕಳು ಕೈ ಬೀಸುತ್ತಿದ್ದರು. ಇತ್ತ ನಮ್ಮ ಮಾಳಿಗೆ ಹತ್ತಿದರೆ ದೂರದಲ್ಲಿ ಗೋಳಗುಮ್ಮಟ. ಅದೂ ಮಾರ್ಚ್‌ನಿಂದ ಮುಚ್ಚಿತ್ತು. ರಾತ್ರಿ ಎಂಟರ ನಂತರ ನಾನು ಆ ಮಾಳಿಗೆ ಮೇಲೆ ಕೂತು ಲಿಂಬೆ ಬೆಳೆಗಾರರಿಗೆ ಫೋನ್ ಮಾಡುತ್ತಿದ್ದೆ. ಹೊಲಕ್ಕೆ ಹೋಗಿ ಕೇಳಬೇಕಾದ ಪ್ರಶ್ನೆಗಳು. ಗಿಡ ಎಷ್ಟು, ನೀರು ಎಲ್ಲಿಂದ, ಡಾಗಿಗೆ, ಅಂದರೆ ಒಂದು ಚೀಲ ಲಿಂಬೆಗೆ, ಎಷ್ಟು ಸಿಕ್ಕಿತು. ನೂರಾ ಇಪ್ಪತ್ತು ರೈತರಲ್ಲಿ ಮೂವತ್ತೊಂಬತ್ತು ಜನ ಹೀಗೆ ಸಿಕ್ಕರು. ಕೆಲವರು ಪ್ರಶ್ನೆ ಮುಗಿದ ಮೇಲೆ "ಊಟಾ ಆತೇನವಾ ತಂಗಿ?" ಅಂತ ಕೇಳಿಯೇ ಫೋನ್ ಇಡುತ್ತಿದ್ದರು. ಪ್ರಬಂಧ ಸಲ್ಲಿಸಲು ಯುಜಿಸಿ ಆರು ತಿಂಗಳು ಹೆಚ್ಚಿಗೆ ಕೊಟ್ಟಿತು, ಅದರಿಂದ ಉಸಿರು ಬಂತು.

ಜುಲೈನಲ್ಲಿ ನಡುವಿನ ಸೆಮಿಸ್ಟರ್‌ನವರನ್ನು ಪರೀಕ್ಷೆ ಇಲ್ಲದೆ ಪಾಸು ಮಾಡುತ್ತೇವೆ ಅಂದರು. ಕೊನೆಯ ವರ್ಷದವರು ಸೆಪ್ಟೆಂಬರ್‌ನಲ್ಲಿ ಬಂದು, ಮಾಸ್ಕ್ ಹಾಕಿಕೊಂಡು ಬರೆದು ಹೋದರು.

ಅದಕ್ಕೂ ಮೊದಲು, ಆಗಸ್ಟ್ ಕೊನೆಗೆ ಆಯಿಗೆ ಪಾಸಿಟಿವ್ ಬಂತು. ವಯಸ್ಸು ಐವತ್ತೆಂಟು, ಸಕ್ಕರೆ ಕಾಯಿಲೆ ಬೇರೆ. ಜ್ವರ ಜಾಸ್ತಿ ಇರಲಿಲ್ಲ, ಇಲ್ಲೇ ಇರಲಿ, ಆಕ್ಸಿಜನ್ ನೋಡುತ್ತಿರಿ ಅಂದರು ಡಾಕ್ಟರ್. ಪಡಸಾಲೆಯ ಕೊನೆಯ ಖೋಲಿ ಅವರಿಗೆ ಬಿಟ್ಟೆವು. ಎಲ್ಲರೂ ದುಡ್ಡು ಹಾಕಿ ಆಕ್ಸಿಮೀಟರ್ ತಂದೆವು. ಬಾಗಿಲ ಹೊರಗೆ ಒಂದು ಸ್ಟೂಲು. ಅದರ ಮೇಲೆ ತಾಟು ಇಟ್ಟು, ಬಾಗಿಲು ಬಡಿದು, ದೂರ ನಿಲ್ಲುವುದು. ಆಯಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಯಂತ್ರದಲ್ಲಿ ಬಂದ ಅಂಕಿಯನ್ನು ಕಿಟಕಿ ಗಾಜಿಗೆ ಹಿಡಿದು ತೋರಿಸುತ್ತಿದ್ದರು, ನಾವು ಹೊರಗಿನಿಂದ ಓದಿ ಬರೆದುಕೊಳ್ಳುತ್ತಿದ್ದೆವು. 96. 95. ಒಂದು ರಾತ್ರಿ 93. ಆ ರಾತ್ರಿ ಅಥಣಿಯೂ ನಾನೂ ಪಡಸಾಲೆಯಲ್ಲೇ ಕೂತೆವು. ತಾಸಿಗೊಮ್ಮೆ ಕಿಟಕಿ ಬಡಿಯುವುದು, ಆಯಿ ಎದ್ದು ಬೆರಳು ತೋರಿಸುವುದು. ನಸುಕಿಗೆ 95 ಬಂತು. ಐದನೆಯ ದಿನ ಒಳಗಿನಿಂದ ದನಿ ಬಂತು: "ಯಾರ ಬಡದದ್ದು ಈ ರೊಟ್ಟಿ? ದಪ್ಪ ಆಗ್ಯಾವು." ಜಮಖಂಡಿ ಅಳುತ್ತಾ ನಕ್ಕಳು.

ನಾನು ಊರಿಗೆ ಹೋದದ್ದು ಅಕ್ಟೋಬರ್‌ನಲ್ಲಿ. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟು ಭೀಮೆ ಉಕ್ಕಿದಳು. ನಮ್ಮ ತೊಗರಿ ಹೊಲ ಪೂರ್ತಿ ನೀರಲ್ಲಿ ನಿಂತಿತು. ಎಂಟು ದಿನ ಅವ್ವನ ಜೊತೆ ಕೆಸರು ಬಳಿದೆ. ಒಂಬತ್ತನೆಯ ದಿನ ಅಪ್ಪನೇ ಗಾಡಿ ಹತ್ತಿಸಿದ. ಗಂಡಿನ ಮಾತು ತೆಗೆಯಲಿಲ್ಲ.

ನವೆಂಬರ್ 17ಕ್ಕೆ ಕಾಲೇಜು ತೆರೆದವು. ಕೋವಿಡ್ ಪರೀಕ್ಷೆಯ ವರದಿ ಮತ್ತು ಮನೆಯವರ ಒಪ್ಪಿಗೆ ಪತ್ರ ಹಿಡಿದು ಹುಡುಗಿಯರು ಒಬ್ಬೊಬ್ಬರೇ ಬಂದರು. ಬಂದವರು ಮೆಟ್ಟಿಲ ಕೆಳಗೆ ಬಗ್ಗಿ ತಮ್ಮ ಊರಿನ ಚೀಲ ಎಳೆದುಕೊಂಡರು. ಜನವರಿ ಮುಗಿದರೂ ಹದಿನಾಲ್ಕು ಚೀಲ ಅಲ್ಲೇ ಇದ್ದವು. ಕೆಲವರಿಗೆ ಲಗ್ನ ಆಗಿತ್ತು. ಕೆಲವರ ಅಪ್ಪನ ಕೆಲಸ ಹೋಗಿತ್ತು. ಒಬ್ಬಳ ಅಪ್ಪನೇ ಹೋಗಿದ್ದರು.

ಫೆಬ್ರುವರಿಯಲ್ಲಿ ನಾವು ಹನ್ನೊಂದು ಜನ ಸಹಿ ಹಾಕಿ ಒಂದು ಅರ್ಜಿ ಕೊಟ್ಟೆವು. ಮತ್ತೆ ಬಂದ್ ಮಾಡುವ ಹೊತ್ತು ಬಂದರೆ, ಹೋಗಿ ಅನ್ನುವ ಮೊದಲು ಯಾರು ಇರುತ್ತೀರಿ ಅಂತ ಕೇಳಿ, ಅಷ್ಟೇ. 2021ರ ಏಪ್ರಿಲ್ 27ರಿಂದ ಎರಡನೆಯ ಅಲೆಗೆ ಬಂದ್ ಆದಾಗ ವಾರ್ಡನ್ ಮೇಡಂ ರಿಜಿಸ್ಟರ್ ಹಿಡಿದು ಖೋಲಿ ಖೋಲಿಗೆ ಬಂದರು. "ಯಾರ್ಯಾರು ಇರ್ತೀರಿ, ಹೆಸರ ಹೇಳ್ರಿ." ಮೂವತ್ತನಾಲ್ಕು ಹೆಸರು ಬಂದವು. ಆ ಎರಡು ತಿಂಗಳ ಸಾವುಗಳ ಬಗ್ಗೆ ಬರೆಯಲು ನನಗೆ ಇನ್ನೂ ಆಗುವುದಿಲ್ಲ.

ಆ ವರ್ಷದ ಡಿಸೆಂಬರ್‌ನಲ್ಲಿ ಒಂದು ಫೋನ್ ಬಂತು. ಹುನಗುಂದ. 2020ರ ಜೂನ್‌ನಲ್ಲಿ ಲಗ್ನ ಆಗಿ ಎಂ.ಎಸ್ಸಿ ಅರ್ಧಕ್ಕೆ ಬಿಟ್ಟವಳು.

"ಅಕ್ಕಾ, ನನ್ನ ಚೀಲ ಐತೇನು?"

"ಐತಿ ಬಾ" ಅಂದೆ.

ಎರಡು ದಿನಕ್ಕೆ ಐದು ತಿಂಗಳ ಕೂಸನ್ನು ಎತ್ತಿಕೊಂಡು ಬಂದಳು. ಪಡಸಾಲೆಯಲ್ಲಿ ಕೂತು ಚೀಲ ಬಿಚ್ಚಿದಳು. ಖಣ ತೆಗೆದು ಪಕ್ಕಕ್ಕಿಟ್ಟಳು. ಕೆಳಗಿನಿಂದ ಪ್ರ್ಯಾಕ್ಟಿಕಲ್ ರೆಕಾರ್ಡ್ ಎಳೆದು ಕೊನೆಯ ಪುಟ ತೆರೆದಳು. 12-03-2020 ಅಂತ ತಾರೀಖು, ಕೆಳಗೆ ಮೇಡಂ ಸಹಿ ಹಾಕುವ ಜಾಗ ಖಾಲಿ.

"ಇದಕ್ಕ ಈಗ ಸಹಿ ಸಿಗ್ತೈತೇನಕ್ಕಾ?"

ನನಗೂ ಗೊತ್ತಿರಲಿಲ್ಲ. ಕೂಸನ್ನು ಆಯಿಯ ತೊಡೆ ಮೇಲೆ ಮಲಗಿಸಿ, ರೆಕಾರ್ಡ್ ಹಿಡಿದುಕೊಂಡು ಇಬ್ಬರೂ ವಿಭಾಗದ ಕಡೆ ಹೊರಟೆವು.